ಗುರುಗ್ರಹದ ಹೊಟ್ಟೆಯಲ್ಲಿ ಗುಂಡಕಲ್ಲು

ರಾಣೆಬೆನ್ನೂರು
ಸೋಮವಾರ, ೧೨ ಮೇ ೨೦೨೫

ಪ್ರಿಯಾಂಕಾಳ ಅಪ್ಪನವರಿಗೆ ಕಾವೇರಿಯ ನಮಸ್ಕಾರ.

ನಿಮ್ಮ ಸೊಂಟದ ನೋವು ಹೇಗಿದೆ? ಕುಷ್ಟಗಿ ಕಡೆ ಬಿಸಿಲು ಬಹಳ ಇದೆಯಂತೆ. ಬೋರ್‌ವೆಲ್ ಲಾರಿಯ ಹತ್ತಿರ ನೆರಳಿರುವುದಿಲ್ಲ, ತಲೆಗೆ ಒದ್ದೆ ಟವೆಲ್ ಸುತ್ತಿಕೊಳ್ಳಿ. ಅತ್ತೆ ಆರಾಮಿದ್ದಾರೆ. ಪ್ರಿಯಾಂಕಾ ಆರಾಮಿಲ್ಲ, ನಾನೂ ಇಲ್ಲ. ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ. ಫೋನಿನಲ್ಲಿ ಹೇಳಲು ಹೋದರೆ ಕಂಪ್ರೆಸರ್ ಸದ್ದಿನ ನಡುವೆ ‘ಆಮ್ಯಾಲೆ ಮಾತಾಡೂಣು’ ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ನಿಮ್ಮ ಲಾರಿಗೆ ಡೀಸೆಲ್ ಒಯ್ಯಲು ಬಂದಿರುವ ಉಡಚಪ್ಪನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಪೂರ್ತಿ ಓದಿ.

ಹತ್ತನೆಯದರ ಫಲಿತಾಂಶ ಬಂದ ದಿನ ಮಗಳಿಗೆ ನೀವು ಹಾಕಿದ ಶರತ್ತು ನೆನಪಿದೆಯಲ್ಲ? ‘ಹಾವೇರಿ ಬ್ಯಾಸಗಿ ವಿಜ್ಞಾನ ಮೇಳದಾಗ ಒಂದ ನಂಬರ ತುಗೊಂಡ ಬಾ, ಸೈನ್ಸ್ ಕೊಡಸ್ತೇನಿ. ಇಲ್ಲಂದ್ರ ಕಾಮರ್ಸ್. ಬ್ಯಾಡಗಿಗೆ ಹೋಗಿ ನಿಮ್ಮ ಮಾವನ ಮೆಣಸಿನಕಾಯಿ ಅಂಗಡಿ ಲೆಕ್ಕಾ ನೋಡಾಕ ಬರತೈತಿ.’ ನಿಮ್ಮ ತಂಗಿಯ ಗಂಡ ಫಕ್ಕೀರೇಶಣ್ಣ ಒಳ್ಳೆಯವರೇ. ಆದರೆ ನಮ್ಮ ಹುಡುಗಿ ಏಳನೆಯ ತರಗತಿಯಿಂದ ಪೇಪರಿನ ವಿಜ್ಞಾನದ ಪುಟ ಕತ್ತರಿಸಿ ಇಟ್ಟುಕೊಂಡವಳು. ಶರತ್ತು ಒಪ್ಪಿಕೊಂಡಳು. ಗುರುಗ್ರಹದ ಮಾದರಿ ಮಾಡುತ್ತೇನೆ ಎಂದಳು.

ಅವಳು ಅದನ್ನು ಹತ್ತಿಯಿಂದಲೇ ಯಾಕೆ ಮಾಡಿದಳೆಂದು ನೀವು ಒಮ್ಮೆಯೂ ಕೇಳಲಿಲ್ಲ. ಆ ಗ್ರಹದ ಮೇಲ್ಗಡೆ ಅಮೋನಿಯಾ ಹಿಮದ ಮೋಡಗಳಿವೆ, ಅದರ ಕೆಳಗೆ ನೀರಿನ ಮೋಡ, ಆಮೇಲೆ ಹೈಡ್ರೋಜನ್ ಮತ್ತು ಹೀಲಿಯಂ. ಇಳಿದಂತೆಲ್ಲ ಒತ್ತಡ ಏರಿ ಅನಿಲ ದ್ರವದಂತಾಗುತ್ತದೆ. ಆದರೆ ಇಲ್ಲಿಗೆ ಗಾಳಿ ಮುಗಿಯಿತು, ಇಲ್ಲಿಂದ ದ್ರವ ಎಂದು ಗೆರೆ ಎಳೆಯಲು ಬರುವುದಿಲ್ಲ. ಇನ್ನೂ ಆಳದಲ್ಲಿ ಅದೇ ಹೈಡ್ರೋಜನ್ ಲೋಹದಂತೆ ವಿದ್ಯುತ್ ಹರಿಸುತ್ತದೆ. ನಟ್ಟನಡುವೆ ಗಟ್ಟಿ ಉಂಡೆ ಇದ್ದೀತೆಂದು ಮೊದಲು ಎಣಿಸಿದ್ದರಂತೆ. ಈಗ ಅದನ್ನು ಸುತ್ತುವ ನೌಕೆಯ ಅಳತೆ ನೋಡಿದರೆ ಆ ಭಾರದ ವಸ್ತುವೂ ಕರಗಿ ದೂರದವರೆಗೆ ಹರಡಿದಂತೆ ಕಾಣುತ್ತದೆ. ಕಾಲಿಡಲು ನೆಲವೆಂಬುದೇ ಇಲ್ಲ. ಇದನ್ನೆಲ್ಲ ಅವಳು ಹೇಳಿದಾಗ ಅತ್ತೆ, ‘ತಳಾ ಇಲ್ಲದ ಊರಾಗ ದೇವರರ ಎಲ್ಲಿ ನಿಂದರತಾನವಾ?’ ಎಂದು ನಕ್ಕಿದ್ದರು.

ಹಿಂದಿನ ಓಣಿಯ ಗಾದಿ ಹೊಲಿಯುವ ರಸೂಲಬಿ ಅವರು ಹತ್ತಿ ತುಂಬುವುದನ್ನು ಕಲಿಸಿದರು. ಹೊರಗೆ ಸಡಿಲ, ಒಳಗೆ ಹೋದಂತೆ ಬಿಗಿ, ನಡುವೆ ಎಲ್ಲಿಯೂ ಗಂಟಿಲ್ಲ. ಮೇಲಿನ ಬಟ್ಟೆಗೆ ಅರಿಶಿನದ ನೀರು, ಬ್ಯಾಡಗಿ ಮೆಣಸಿನಕಾಯಿಯ ನೀರು ಹಾಕಿ ಪಟ್ಟೆ ಬಿಡಿಸಿದಳು. ಗಾದಿಯ ದಬ್ಬಣ ಒಂದು ಕಡೆ ಹೊಕ್ಕು, ಬಿಗಿಯಾಗುತ್ತಾ ಬಿಗಿಯಾಗುತ್ತಾ, ಎಲ್ಲಿಯೂ ತಡೆಯದೆ ಇನ್ನೊಂದು ಕಡೆ ಹೊರಬರಬೇಕು. ತೀರ್ಪುಗಾರರ ಕೈಯಲ್ಲೇ ಚುಚ್ಚಿಸಿ, ‘ನೆಲ ಎಲ್ಲಿ ಸಿಕ್ಕಿತು ಹೇಳಿ’ ಎಂದು ಕೇಳುವುದು ಅವಳ ಯೋಜನೆ. ಇಡೀ ಮಾದರಿ ನಿಂತಿದ್ದೇ ಅದರ ಮೇಲೆ.

ನಾನೂ ಪ್ರಿಯಾಂಕಾಳೂ ಕರ್ಜಗಿಗೆ ಮದುವೆಗೆ ಹೋದ ದಿನ ನೀವು ಲಾರಿಯ ವೆಲ್ಡಿಂಗ್ ಕೆಲಸಕ್ಕೆಂದು ಮನೆಗೆ ಬಂದಿರಿ. ಹತ್ತಿಯ ಗ್ರಹದ ಕೆಳಗಿನ ಹೊಲಿಗೆ ಬಿಚ್ಚಿದಿರಿ. ಅತ್ತೆ ಚಟ್ನಿ ಅರೆಯುವ ಗುಂಡಕಲ್ಲನ್ನು ನಡುವೆ ಇಟ್ಟು ಗೋಣಿ ದಾರದಿಂದ ಹೊಲಿದಿರಿ. ಬಸ್ಸಿನಲ್ಲಿ ನಲುಗುತ್ತದೆ ಎಂದು ನೀವೇ ಉಡಚಪ್ಪನ ಜೀಪಿನಲ್ಲಿ ಹಾವೇರಿಗೆ ಕಳಿಸಿ ಮೇಳದ ಮೇಜಿನ ಮೇಲೆ ಇಡಿಸಿದ್ದರಿಂದ ನಾವು ಅದನ್ನು ಎತ್ತಿಯೂ ನೋಡಲಿಲ್ಲ. ಇಲ್ಲಿ ಅತ್ತೆ ಕಲ್ಲಿಗಾಗಿ ಓಣಿಯನ್ನೆಲ್ಲ ಕೇಳಿ ಬಂದಿದ್ದರು.

ಮೇಳದಲ್ಲಿ ಕಾಲೇಜಿನ ಫಿಸಿಕ್ಸ್ ಮೇಡಂ ಒಬ್ಬರು ದಬ್ಬಣ ಚುಚ್ಚಿದರು. ಅರ್ಧಕ್ಕೆ ಟಕ್ ಎಂದಿತು. ‘ಇಲ್ಲೇ ಸಿಕ್ತಲ್ಲವಾ ನೆಲ’ ಎಂದರು. ಸುತ್ತ ನಿಂತವರು ನಕ್ಕರು. ಪ್ರಿಯಾಂಕಾ ಕೆಳಗೆ ಕೈಹಾಕಿ ಗೋಣಿ ದಾರ ಮುಟ್ಟಿದಳು. ಯಾರ ಕೆಲಸವೆಂದು ಅವಳಿಗೆ ಗೊತ್ತಾಗಿದ್ದು ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ಅಪ್ಪನ ಹೆಸರು ಹೇಳಲಿಲ್ಲ. ‘ತಪ್ಪಾಗೇದರಿ ಮೇಡಂ’ ಎಂದಳು, ಅಷ್ಟೇ. ನಾಲ್ಕು ವರ್ಷ ಓದಿದ್ದನ್ನೆಲ್ಲ ನಿಮ್ಮ ಮಾನಕ್ಕಾಗಿ ನುಂಗಿಕೊಂಡಳು. ನಂಬರ್ ಬರಲಿಲ್ಲ.

ಫೋನ್ ಮಾಡಿದರೆ ನೀವು ಹೇಳಿದ್ದೇನು? ‘ಕಲ್ಲ ಹತ್ತಲಿಲ್ಲಂದ್ರ ಬೋರಿಗೆ ಇಳಸೂ ಕೇಸಿಂಗ್ ಪೈಪ್ ಎದರ ಮ್ಯಾಲೆ ನಿಂದರತೈತಿ? ಹುಡುಗಿ ಮರತಾಳ ಅಂತ ಹಾಕೇನಿ. ಚೊಲೋಕ್ಕ ಮಾಡೇನಿ.’ ಇಪ್ಪತ್ತು ವರ್ಷ ನೀವು ಕೊರೆದ ಎಲ್ಲ ಬಾವಿಯಲ್ಲೂ ಕಲ್ಲು ಸಿಕ್ಕಿರಬಹುದು. ಅವು ನಮ್ಮ ಭೂಮಿಯ ಬಾವಿಗಳು. ಕೇಳದೆ ಸರಿಪಡಿಸುವುದು ನಿಮ್ಮ ಹಳೆಯ ಚಾಳಿ. ‘ಅವ ಸಣ್ಣಾಂವಿದ್ದಾಗೂ ಹಂಗ, ಮಂದಿ ರಂಗೋಲಿಗೆ ತಾ ಒಂದ ಗೆರಿ ಎಳದ ಬರತಿದ್ದ’ ಎಂದು ಅತ್ತೆಯೇ ಹೇಳುತ್ತಾರೆ. ಅದನ್ನಾದರೂ ಸಹಿಸುತ್ತಿದ್ದೆ. ಅದರ ಮೇಲೆ ‘ಶರತ್ತಂದ್ರ ಶರತ್ತು, ಕಾಮರ್ಸಿಗೆ ಹಚ್ಚು’ ಎಂದಿರಲ್ಲ, ಅದನ್ನು ಸಹಿಸಲಾರೆ. ಹೊಲಿಗೆ ಬಿಚ್ಚಿದವರು ನೀವು, ಸೋತವಳು ಅವಳು ಎಂದರೆ ಯಾವ ಪಂಚರು ಒಪ್ಪುತ್ತಾರೆ?

ಆ ಮೇಡಂ ಅವರ ಫೋನ್ ನಂಬರ್ ಕಾಗದದ ಹಿಂದೆ ಬರೆದಿದ್ದೇನೆ. ಗುರುಗ್ರಹಕ್ಕೆ ನೆಲವಿಲ್ಲವೆಂದು ಹುಡುಗಿಗೆ ಗೊತ್ತಿತ್ತು, ಕಲ್ಲಿಟ್ಟವನು ನಾನು ಎಂದು ಅವರಿಗೆ ಹೇಳಿ. ಬಹುಮಾನ ತಿರುಗಿ ಬರುವುದಿಲ್ಲ, ಅವಳ ಮಾತು ತಿರುಗಿ ಬರಲಿ.

ಉಪ್ಪಿಟ್ಟಿನ ಡಬ್ಬಿ ಮತ್ತು ಸೊಂಟಕ್ಕೆ ಹಚ್ಚುವ ಎಣ್ಣೆ ಕಳಿಸಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣಿ. ಅತ್ತೆಯ ಆಶೀರ್ವಾದ.

ನಿಮ್ಮ
ಕಾವೇರಿ

ತಾ.ಕ.: ಉಡಚಪ್ಪ ಹಾರ್ನ್ ಹಾಕುತ್ತಿದ್ದಾನೆ. ಇಂದು ಬೆಳಿಗ್ಗೆ ಪ್ರಿಯಾಂಕಾಳನ್ನು ಕರೆದೊಯ್ದು ಸೈನ್ಸಿಗೆ ಹೆಸರು ಹಚ್ಚಿ ಬಂದೆ. ಪಾಲಕರ ಸಹಿ ನನ್ನದು. ಫಕ್ಕೀರೇಶಣ್ಣನಿಗೂ ತಿಳಿಸಿದ್ದೇನೆ. ನಿಮ್ಮನ್ನು ಕೇಳಲಿಲ್ಲ, ನೀವೂ ಅವಳನ್ನು ಕೇಳಿರಲಿಲ್ಲ.