ನೀನು ಅಲ್ಲೇ ಇರು, ತಂಗಿ

ಭಾನುವಾರ, ಮಾರ್ಚ್ ೧೪

ನನ್ನ ಮುದ್ದಿನ ಚಿನಕುರಳಿಗೆ,

ಅಕ್ಕನ ನೂರು ಮುತ್ತು. ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯದ ಅಕ್ಕನನ್ನು ಎಷ್ಟು ಬೈದುಕೊಂಡಿದ್ದೀಯೋ, ಅಷ್ಟನ್ನೂ ತಲೆಬಾಗಿ ಒಪ್ಪಿಕೊಂಡಿದ್ದೇನೆ. ಹೊಲಿಗೆ ಅಂಗಡಿಯಲ್ಲಿ ಕೋಟುಗಳ ರಾಶಿ ಕರಗುವುದೇ ಇಲ್ಲ. ನಿನ್ನ ಭಾವನಿಗೆ ಬೇಕರಿಯಲ್ಲಿ ರಾತ್ರಿ ಪಾಳಿ. ಅವರು ಬರುವಾಗ ನಾನು ಹೊರಡುತ್ತೇನೆ. ನಮ್ಮ ಸಂಸಾರವೆಲ್ಲ ಮೆಟ್ಟಿಲ ಮೇಲೆಯೇ ನಡೆಯುತ್ತಿದೆ.

"ಈ ದೇಶ ಬಿಟ್ಟು ನಿನ್ನ ಹತ್ತಿರವೇ ಬಂದುಬಿಡಲಾ?" ಎಂದು ಕೇಳಿದ್ದೀಯ. ಓದಿ ಕುಣಿಯುವಷ್ಟು ಸಂತೋಷವಾಯಿತು. ಆದರೆ ಬೇಡ ಕಣೇ, ಅಲ್ಲೇ ಇರು.

ನೀನು ಅಲ್ಲಿ ಹೋಗಿ ಇಳಿದ ದಿನವೇ ವೃದ್ಧಾಶ್ರಮದವರು "ನಾಳೆಯಿಂದಲೇ ಕೆಲಸಕ್ಕೆ ಬರ್ತೀಯಾ?" ಎಂದರಂತೆ. ಇಲ್ಲಿ ಎಲ್ಲರೂ ನನ್ನನ್ನು ಮೊದಲು ಕೇಳಿದ್ದು, "ವಾಪಸ್ ಯಾವಾಗ ಹೋಗ್ತೀಯ?" ಎಂದು. ಈ ಜನ ಕೆಟ್ಟವರೆಂದಲ್ಲ. ನಿನ್ನ ಊರಿನಲ್ಲಿ ಮುದುಕರನ್ನು ಎತ್ತಿ ಕೂರಿಸಲು ಕೈಗಳಿಲ್ಲ. ಇಲ್ಲಿ ನೂಲಿನ ಗಿರಣಿ ಮುಚ್ಚಿ, ಇರುವ ಕೈಗಳಿಗೇ ಕೆಲಸವಿಲ್ಲ. ತಮಗೇ ಊಟವಿಲ್ಲದ ಮನೆಗೆ ನೆಂಟ ಬಂದರೆ ಸಿಟ್ಟು ಬರುವುದು ನೆಂಟನ ಮೇಲೆಯೇ.

ನಿನ್ನ ಭಾವ ಇದನ್ನು ಒಪ್ಪುವುದಿಲ್ಲ. "ಬರೀ ಹೊಟ್ಟೆಪಾಡಲ್ಲ ಇದು. ಅವಳ ಊರಲ್ಲಿ ಮೂಲೆಮೂಲೆಗೂ ಹೊರಗಿನವರಿದ್ದಾರೆ, ಜನಕ್ಕೆ ಅಭ್ಯಾಸವಾಗಿದೆ. ಈ ಬೀದಿಗೆ ನಾವೇ ಮೊದಲು. ಕಂಡರಿಯದ್ದಕ್ಕೇ ಭಯ ಜಾಸ್ತಿ," ಅನ್ನುತ್ತಾರೆ. ದೊಡ್ಡ ಪಂಡಿತರ ಹಾಗೆ ಮಾತಾಡುವಾಗಲೂ ಮೂಗಿನ ಮೇಲೆ ಹಿಟ್ಟು ಹಾಗೇ ಇರುತ್ತದೆ.

ಹಾಗಂತ ನನಗಿಲ್ಲಿ ಕಷ್ಟವೆಂದು ಕಣ್ಣೀರು ಹಾಕಬೇಡ. ನಮ್ಮ ಅಂಗಡಿಯ ಯಜಮಾನಿ, ಎಪ್ಪತ್ತು ದಾಟಿದ ಅಜ್ಜಿ, ನನಗೆ ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಹಾಕುತ್ತ ಕೂತಿದ್ದರು. ಗಿರಾಕಿಗಳ ಜೊತೆ ಸೇರಿ ಹೊರಗಿನವರನ್ನು ಬಾಯಿತುಂಬ ಬೈಯುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ನಿನಗಲ್ಲ ಕಣಮ್ಮ ಹೇಳಿದ್ದು," ಎಂದು ನನ್ನ ಲೋಟಕ್ಕೆ ಚಹಾ ಸುರಿಯುತ್ತಾರೆ. ನಗಬೇಕೋ ಅಳಬೇಕೋ ತಿಳಿಯದೆ ಕುಡಿದುಬಿಡುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮುದುಕರನ್ನು ಎತ್ತುವಾಗ ಸೊಂಟ ಜೋಪಾನ. ನಿನ್ನ ಬಾಳು ತಣ್ಣಗಿರಲಿ, ಕಂದ.

ಇಂತಿ,
ನಿನ್ನ ಅಕ್ಕ

ತಾ.ಕ.: ನಿನ್ನಿಂದ ಮುಚ್ಚಿಡಲಾರೆ. ಇಲ್ಲಿ ನೆಲೆಸಬೇಕೆಂದರೆ ಊರಿನವರೊಬ್ಬರು ಕಚೇರಿಗೆ ಬಂದು "ಇವರು ನಮಗೆ ಬೇಕು" ಎಂದು ಹೇಳಬೇಕು. ನನಗೂ ನಿನ್ನ ಭಾವನಿಗೂ ಹೇಳಿದವರು ಯಜಮಾನಿಯೇ. ನಿನಗೂ ಹೇಳುತ್ತಾರೆಂಬ ಧೈರ್ಯದಲ್ಲಿ ನಿನಗೊಂದು ಮಂಚ ತಂದಿಟ್ಟು, ಆಮೇಲೆ ಅವರನ್ನು ಕೇಳಿದೆ. ನನ್ನ ತಲೆ ಸವರಿ, "ನೀನು ಬೇರೆ, ಮಗಳೇ. ಅವಳು ಹೊರಗಿನವಳು," ಎಂದರು. ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎನ್ನಹೋದವಳು, ಅರ್ಧ ಹೊಲಿದ ಕೋಟನ್ನು ಕೈಗೆತ್ತಿಕೊಂಡೆ. ಮಂಚ ಕಿಟಕಿಯ ಪಕ್ಕದಲ್ಲೇ ಇದೆ. ನಿನ್ನ ಭಾವ ಅದರ ಮೇಲೆ ಒಗೆದ ಬಟ್ಟೆ ಇಟ್ಟರೆ, ನಾನು ತೆಗೆದುಬಿಡುತ್ತೇನೆ.