ಮುಚ್ಚಳದ ಮೇಲೆ ಆರು ಗೆರೆ

ರೀ,

ಕಾಲರಾ ಶಿಬಿರದ ಜೀಪು ಬೀದಿಯ ಕೊನೆಯಲ್ಲಿ ಹಾರ್ನ್ ಹೊಡೆಯುತ್ತಿದೆ. ನಿಮ್ಮನ್ನು ಎಬ್ಬಿಸಲಿಲ್ಲ. ಎಬ್ಬಿಸಿದರೂ "ಹೂಂ, ಹೂಂ" ಅಂತ ಮಗ್ಗುಲು ಬದಲಿಸುತ್ತೀರಿ.

ಕುಡಿಯುವ ನೀರಿನ ಕೊಡಕ್ಕೆ ಕ್ಲೋರಿನ್ ಮಾತ್ರೆ ಹಾಕಿದೆನೋ ಇಲ್ಲವೋ, ದೇವರಾಣೆ ನೆನಪಿಲ್ಲ. "ಮಾತ್ರೆ ಹಾಕಿದ ತಕ್ಷಣ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೀರಿ, ಕೊಡ ಖಾಲಿಯಾದ್ರೆ ಒರೆಸಿ" ಅಂತ ಊರಿಗೆಲ್ಲ ಹೇಳಿಕೊಡುವ ನರ್ಸಮ್ಮನ ಮನೆಯ ಮುಚ್ಚಳದ ಮೇಲೆ ಆರು ಗೆರೆ! ಆರು ಮಾತ್ರೆ ಹಾಕಿಬಿಟ್ಟೆನಾ? ಇಲ್ಲಾ ನೀವು ಹಾಕಿದಿರಾ? ಮೂಸಿ ನೋಡಿದೆ. ನನ್ನ ಕೈಯೇ ಕ್ಲೋರಿನ್ ನಾರುತ್ತದೆ, ಏನು ತಿಳಿಯುತ್ತದೆ?

ಚೆಲ್ಲೋಣವೆಂದರೆ ಟ್ಯಾಂಕರ್ ಬರುವುದು ನಾಳಿದ್ದು. ತಲೆಕೆಟ್ಟು ಪುಟ್ಟಿಯನ್ನೇ ಎಬ್ಬಿಸಿ ಕೇಳಿದೆ. ನಿದ್ದೆಗಣ್ಣಲ್ಲೇ ಹೇಳಿದಳು: "ಆ ಗೆರೆ ನೀರಿನ ಲೆಕ್ಕ ಅಲ್ಲಮ್ಮ. ನೀನು ರಾತ್ರಿ ಊಟಕ್ಕೆ ಬರದೇ ಇದ್ದ ದಿನಗಳದ್ದು." ಹೇಳಿ ಮತ್ತೆ ಮಲಗಿಬಿಟ್ಟಳು.

ಮಾತ್ರೆಯ ವಿಷಯ ಮಾತ್ರ ಕೊನೆಗೂ ಗೊತ್ತಾಗಲಿಲ್ಲ. ನೀವು ಇನ್ನೊಂದು ಹಾಕಲು ಹೋಗಬೇಡಿ. ನೀರನ್ನು ಕೊತಕೊತ ಕುದಿಸಿ, ಆರಿಸಿ, ಇಬ್ಬರೂ ಅದನ್ನೇ ಕುಡಿಯಿರಿ. ಸೋಪು ಕಿಟಕಿಯ ಹತ್ತಿರ ಇದೆ. ನೋಡುವುದಕ್ಕಲ್ಲ ಇಟ್ಟಿರುವುದು. ಪುಟ್ಟಿಗೆ ಒಂದೇ ಒಂದು ಸಲ ನೀರಿನ ಹಾಗೆ ಭೇದಿಯಾದರೂ ಕಾಯಬೇಡಿ, ಎತ್ತಿಕೊಂಡು ಶಿಬಿರಕ್ಕೆ ಬನ್ನಿ.

ಗೆರೆಗಳನ್ನು ಒರೆಸಬೇಡಿ. ಶಿಬಿರದಲ್ಲಿ ಹಾಸಿಗೆಗಳೆಲ್ಲ ತುಂಬಿ, ಈಗ ನೆಲದ ಮೇಲೂ ಮಲಗಿಸುತ್ತಿದ್ದಾರಂತೆ.

ಏಳನೆಯ ಗೆರೆಯನ್ನು ನಾನೇ ಎಳೆದು ಹೋಗುತ್ತಿದ್ದೇನೆ.