ಗೆಂಡೆಗೆ ಕಲಸಿದ ಹಿಟ್ಟು

ಮಾವನವರಿಗೆ,

ನಿಮ್ಮ ಬಿದಿರಿನ ಗಾಳ ಹಿಡಿದು ನಾನೇ ಕೆರೆಗೆ ಹೋಗಿದ್ದೆ, ಬೈಯಬೇಡಿ. ಆಲೂಗಡ್ಡೆ ಬೇಯಿಸಿ, ಜೇನು ಹಾಕಿ, ನಿಮ್ಮಂತೆಯೇ ಗೆಂಡೆ ಮೀನಿಗೆ ಹಿಟ್ಟು ಕಲಸಿದ್ದೆ. ಎಷ್ಟು ಕಾದರೂ ನೀರ ಮೇಲೆ ತೇಲುವ ಗಾಳದ ಬೆಂಡು ಅಲುಗಲಿಲ್ಲ. ಆಮೇಲೆ ನೆನಪಾಯಿತು: ನೀವು ಪ್ರತಿ ಸಲ ಆ ಹಿಟ್ಟನ್ನು ಒಂದು ಚೂರು ಬಾಯಿಗೆ ಹಾಕಿಕೊಂಡು, “ನಾನು ಉಗುಳೋದನ್ನ ಗೆಂಡೆ ಯಾಕಮ್ಮಾ ತಿನ್ನುತ್ತೆ?” ಅನ್ನುತ್ತಿದ್ದಿರಿ. ನಾವೆಲ್ಲ ಮುಸಿಮುಸಿ ನಗುತ್ತಿದ್ದೆವು. ನಾನೂ ತಿಂದು ನೋಡಿದೆ. ಥೂ, ನನ್ನ ಕೈಯ ಸೋಪಿನ ವಾಸನೆ! ಕೆರೆಯ ನೀರಲ್ಲೇ ಕೈ ಉಜ್ಜಿ ಮತ್ತೆ ಕಲಸಿದೆ. ಬೆಂಡು ಗುಳುಕ್ಕನೆ ಮುಳುಗಿತು. ಎಂಥ ನಾಲಿಗೆ ಮಾವಾ ನಿಮ್ಮದು!

ಅಂಥ ನಾಲಿಗೆಗೆ ಆಸ್ಪತ್ರೆಯ ಊಟ ರುಚಿಸದಿದ್ದರೆ ತಪ್ಪೇನಿಲ್ಲ. ಆದರೆ ನೀವು ತಟ್ಟೆಯನ್ನೇ ಮುಟ್ಟುತ್ತಿಲ್ಲವಂತೆ, ನರ್ಸ್ ಹೇಳಿದರು. ಆ ಗೆಂಡೆಯನ್ನೇ ಬೇಯಿಸಿ ಡಬ್ಬಿಯಲ್ಲಿ ಕಳಿಸಿದ್ದೇನೆ. ಒಂದೇ ಒಂದು ತುತ್ತು ಬಾಯಿಗೆ ಹಾಕಿಕೊಳ್ಳಿ. ಉಗುಳಿದರೂ ಬೇಜಾರಿಲ್ಲ, ಮತ್ತೆ ಕೈ ತೊಳೆದುಕೊಂಡು ಮಾಡುತ್ತೇನೆ.

ಇಂತಿ, ನಿಮ್ಮ ಗಾಳ ಕದ್ದ ಸೊಸೆ